ಹಿಂದಿನ ದೀಪ

ರಾತ್ರಿ ಒಂದೂವರೆಗೆ ಕೊನೆಯ ಪುಟ ಬಿಟ್ಟುಕೊಟ್ಟು
ಪ್ರೆಸ್ಸಿನಿಂದ ಹೊರಬಿದ್ದರೆ
ಕಣ್ಣೊಳಗೆ ಇನ್ನೂ ಅಕ್ಷರದ ಇರುವೆಸಾಲು.
ಕರಡು ತಿದ್ದುವವನು ನಾನು.
ಈ ಊರಿನ ತಪ್ಪುಗಳಲ್ಲಿ
ಕಾಗುಣಿತದವಷ್ಟೇ ನನ್ನ ಪಾಲಿಗೆ.

ಆವರಗೆರೆಗೆ ಐದು ಕಿಲೋಮೀಟರು, ಚಿಲ್ಲರೆ.
ಅರ್ಧ ದಾರಿ ಬೀದಿದೀಪ,
ಆಮೇಲೆ ನನ್ನದು.

ಮೊದಲು ಡೈನಮೊ ಇತ್ತು, ಮಾವ ಕೊಟ್ಟ ಸೈಕಲ್ಲಿನ ಜೊತೆ ಬಂದದ್ದು.
ಟೈರಿಗೆ ಕೆನ್ನೆಯೊತ್ತಿ ಗೊಣಗುತ್ತಿತ್ತು.
ತುಳಿದಷ್ಟು ಬೆಳಕು; ಸಾಲವಿಲ್ಲ, ಉಳಿತಾಯವೂ ಇಲ್ಲ.
ರೈಲ್ವೆ ಗೇಟಿನಲ್ಲಿ ಕಾಲೂರಿದೆನೋ
ದೀಪ ಆರಿ, ನಾನೂ ಆರಿ,
ಎರಡು ಲಾರಿಗಳ ನಡುವೆ
ಹೊಡೆದುಹಾಕಿದ ಪದದಂತೆ ನಿಂತಿರುತ್ತಿದ್ದೆ.

ಆಮೇಲೆ ಬಸ್ ಸ್ಟ್ಯಾಂಡ್ ಎದುರಿನ ತಳ್ಳುಗಾಡಿಯದು,
ನೂರಿಪ್ಪತ್ತಕ್ಕೆ ಜೋಡಿ.
ಡಬ್ಬದ ಮೇಲೆ ‘ಜಲನಿರೋದಕ’ ಎಂದಿತ್ತು.
ಮಹಾಪ್ರಾಣ ಅಚ್ಚಿನಲ್ಲೇ ಬಿಟ್ಟಿತ್ತು;
ಮೊದಲ ಮುಂಗಾರಿಗೆ ಅಲ್ಪಪ್ರಾಣವೂ ಹೋಯಿತು.

ಮಂಡಿಪೇಟೆ ಸಂದಿಯ ದಸ್ತಗೀರ್ ಸಾಬರು
ಡಬ್ಬ ಓದುವವರಲ್ಲ.
ಪಂಕ್ಚರ್ ನೋಡುವ ಬೋಗುಣಿಯಲ್ಲಿ ದೀಪ ಮುಳುಗಿಸಿ
ಒಂದು ಬೀಡಿ ಮುಗಿಯುವವರೆಗೆ ಸುಮ್ಮನೆ ಕೂತರು.
ಕೊಳಕು ನೀರಿನೊಳಗೆ ಅದು ಕೆಂಪಗೆ ಮಿಟುಕುತ್ತಲೇ ಇತ್ತು,
ಒಂದು ಗುಳ್ಳೆ ಏಳಲಿಲ್ಲ.
ಎತ್ತಿ, ಲುಂಗಿಗೆ ಒರೆಸಿ, ಕಟ್ಟೆಯ ಮೇಲಿಂದ ಕೆಳಗೆ ಬಿಟ್ಟರು.
ಧಸಕ್ಕೆಂದದ್ದು ನನ್ನ ಎದೆ.
“ಬೆಳಕು ಎಲ್ಲಾದ್ರಾಗೂ ಇರ್ತತ್ರಿ,
ಹಿಡಿಕಿ ನೋಡ್ರಿ, ಕ್ಲಾಂಪ್ ನೋಡ್ರಿ.
ಮೊದ್ಲು ಸಾಯೋದು ಬಲ್ಬ್ ಅಲ್ಲ,
ಅದನ್ನ ಹಿಡ್ಕಂಡಿರ್ತತಲ್ಲ, ಆ ಪ್ಲಾಸ್ಟಿಕ್.”
ಬಿಸಿಲಿಗೆ ಬಿರಿಯದ ರಬ್ಬರ್ ಪಟ್ಟಿ,
ಚಾರ್ಜಿನ ಬಾಯಿಗೆ ಬಿಗಿ ಮುಚ್ಚಳ,
ನಿದ್ದೆಗಣ್ಣಲ್ಲೂ ಬೆರಳಿಗೆ ಸಿಗುವ ಒಂದೇ ಗುಂಡಿ.
ಜೋಡಿಗೆ ಒಂಬೈನೂರು ಅಂದರು. ಎಂಟುನೂರೈವತ್ತು ಕೊಟ್ಟೆ.
ಮನೆಯಲ್ಲಿ ನಾನೂರು ಅಂದೆ.

ಕಾರ್ತಿಕದಲ್ಲಿ ಅರ್ಧ ರಸ್ತೆ ಮೆಕ್ಕೆಜೋಳದ್ದು.
ಒಣಹಾಕಿ ಸುತ್ತ ಕಲ್ಲು ಇಟ್ಟಿರುತ್ತಾರೆ, ತಲೆಗಾತ್ರದವು.
ದೂರಕ್ಕೆ ಎಸೆಯುವ ಬೆಳಕು ಇಲ್ಲಿ ಬರೀ ಶೋಕಿ.
ನನ್ನದು ಹತ್ತಿರ ಬಾಗಿ, ಅಗಲಕ್ಕೆ ಹರಡಿ,
ಜಗಲಿ ಗುಡಿಸುವ ಹಾಗೆ ರಸ್ತೆ ಗುಡಿಸುತ್ತದೆ:
ಕಲ್ಲು, ತಾಡಪಾಲಿನ ಅಂಚು, ನಾಯಿ,
ಒಮ್ಮೆ ಎರಡು ಪಾದ, ಬೆರಳಲ್ಲಿ ಕಾಲುಂಗುರ.
ಕಾಳಿನ ಕಾವಲಿಗೆ ಮಲಗಿದವಳು.
ಬೆಲ್ ಹೊಡೆಯದೆ ಸುತ್ತಿಕೊಂಡು ಹೋದೆ.

ಮುಂದಿನದು ಸುಳ್ಳು ಹೇಳಿದರೆ ಆ ಕ್ಷಣವೇ ಸಿಕ್ಕಿಬೀಳುತ್ತದೆ.
ಹಿಂದಿನದನ್ನು, ಸೀಟಿನ ಮೇಲೆ ಕೂತು,
ನಾನು ಕಂಡದ್ದೇ ಇಲ್ಲ.
ಬೆನ್ನ ಹಿಂದೆ ಅದು ಯಾರಿಗೆ ಏನು ಹೇಳುತ್ತದೋ.
ಎರಡು ಸಲ ಇಳಿದು ನೋಡಿದ್ದೇನೆ,
ಬೀಗ ಹಾಕಿ ಮತ್ತೆ ಜಗ್ಗಿ ನೋಡುವವರಂತೆ.

ಮಂಜು ಬಿದ್ದ ಒಂದು ರಾತ್ರಿ
ಮಂಡಕ್ಕಿ ಚೀಲಗಳ ಗುಡ್ಡ ಹೊತ್ತ ಟೆಂಪೊ
ಹಿಂದಿನಿಂದ ಬಂತು, ದಾಟಲಿಲ್ಲ.
ನಾನು ನಿಧಾನಿಸಿದರೆ ಅದೂ ನಿಧಾನ.
ಹೆದರಿ, ಬದಿಗಿಳಿದು ನಿಂತೆ.
ಕಪ್ಪು ಗಾಜಿನಿಂದ ಒಂದು ತಲೆ:
“ನಿಲ್ಲಬ್ಯಾಡ್ರಣ್ಣಾ, ನಂದು ಎರಡೂ ಲೈಟ್ ಹೋಗ್ಯಾವು.
ಗೇಟಿನಿಂದ ನಿಮ್ಮ ಕೆಂಪು ಹಿಡ್ಕಂಡೇ ಬಂದೀನಿ.
ಬಂಕ್ ತನಕ ಸ್ವಲ್ಪ ನಡೀರಿ.”

ಮನೆಯ ತಿರುವು ದಾಟಿತು.
ನಾನು ತುಳಿಯುತ್ತಲೇ ಹೋದೆ, ನೆಟ್ಟಗೆ, ಸಾಲು ತಪ್ಪದೆ,
ನನ್ನ ಹಿಂದೆ ಒಂದು ಗುಡ್ಡ ಮೆಲ್ಲಗೆ ಉರುಳಿ ಬರುತ್ತಿತ್ತು,
ನಾನು ಕಾಣದ ಒಂದು ಚುಕ್ಕೆಯನ್ನು ನಂಬಿ.
ಬಂಕಿನ ಬೆಳಕಲ್ಲಿ ಅವನು ಕೈಯೆತ್ತಿದ. ಹೆಸರು ಕೇಳಲಿಲ್ಲ.

ಹಾಲಮ್ಮ ಬಾಗಿಲು ತೆಗೆದು ಯಾಕೆ ತಡ ಎಂದಳು.
ಒದ್ದೆ ದೀಪ ಬಿಚ್ಚಿ ಚಾರ್ಜಿಗೆ ಹಾಕುತ್ತ
ನಾನೂರಲ್ಲ, ಎಂಟುನೂರೈವತ್ತು, ಅಂದೆ.