ಬಾನಿ

ಕುತೈಸಿ, ಅಕ್ಟೋಬರ್, ಭಾನುವಾರ ಮಧ್ಯಾಹ್ನ.
ದ್ರಾಕ್ಷಿ ತುಳಿದ ಕಾಲು ತೊಳೆದು ಬಂದು
ಹಳೇ ಓಪೆಲ್‌ನ ಹಿಂಬಾಗಿಲು ತೆರೆದೆ.

ಮೊದಲು ಸೀಟು. ಅಂಚಿಗೆ ಎರಡೂ ಕೈ ಕೊಟ್ಟು
ಒಮ್ಮೆಲೇ ಎತ್ತಬೇಕು, ಹಟಮಾರಿ ಹಲ್ಲು ಕಿತ್ತ ಹಾಗೆ.
ಅಡಿಯಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ, ಹಲ್ಲು ಮುರಿದ ಬಾಚಣಿಗೆ,
ಕಳೆದುಹೋಯಿತೆಂದು ಲಾಮಾರಾ ನನ್ನನ್ನೇ ಬೈದ ಓಲೆ.
ಜೇಬಿಗೆ ಹಾಕಿಕೊಂಡೆ, ಎಂದಾದರೂ ಬೇಕಾಗುತ್ತದೆ.

ಆಮೇಲೆ ಬೆಲ್ಟಿನ ಬೋಲ್ಟು. ಆಮೇಲೆ ಕಂಬದ ಪ್ಲಾಸ್ಟಿಕ್ಕು.
"ಮೆಲ್ಲಗೆ, ಮಲ್ಖಾಜ್, ಮೆಲ್ಲಗೆ!"
ಮೇಲಿನ ಮೊಗಸಾಲೆಯಲ್ಲಿ ಬಟ್ಟೆ ಹಿಂಡುತ್ತ ತ್ಸಿಯಾಲಾ,
ಸ್ಟೀರಿಂಗ್ ಮುಟ್ಟಿಯೂ ನೋಡದವಳು.
ಬೆಣ್ಣೆಯ ಚಾಕು ಸಂದಿಗೆ ತೂರಿಸಿ ಮೀಟಿದೆ.
ಟಕ್.
ಟಕ್.
ಆಮೇಲೆ ಟಕ್ ಅಲ್ಲದ ಇನ್ನೊಂದು ಸದ್ದು:
ಬಿಳಿ ಕ್ಲಿಪ್ಪಿನ ತಲೆ ನನ್ನ ಅಂಗೈಯಲ್ಲಿ, ಮುಂಡ ಕಂಬದೊಳಗೆ.
ಇಪ್ಪತ್ತಾರು ವರ್ಷ ಬಿಸಿಲು ಕುಡಿದ ಪ್ಲಾಸ್ಟಿಕ್ಕಿಗೆ
ಬಾಗುವುದು ಮರೆತುಹೋಗಿರುತ್ತದೆ.

ಹೊದಿಕೆ ಕಳಚಿದರೆ ಕಾರು ಬೇರೆಯೇ ಪ್ರಾಣಿ.
ಯಾರೂ ನೋಡರೆಂದು ಅರ್ಧಂಬರ್ಧ ಬಣ್ಣ ಬಳಿದ ತಗಡು,
ಅದರ ಮೇಲೆ ಯಾರದೋ ಬಳಪದ ಗೀಟು, ಒಂದು ಸೊನ್ನೆ.
ಸರಿ ಅಂದನೋ, ತಪ್ಪು ಅಂದನೋ ಆ ಮನುಷ್ಯ.

ಸ್ಪೀಕರ್ ಹೊರಬಂತು. ನಡುವಿನ ಕಾಗದ ಗಟ್ಟಿಯಿದೆ,
ಸುತ್ತಲ ಸ್ಪಂಜು ಮುಟ್ಟಿದರೆ ಕಪ್ಪು ಹಿಟ್ಟು.

ಯಾಕೆ ಈ ಪಾಡೆಂದು ಯಾರಿಗೂ ಹೇಳಿರಲಿಲ್ಲ.
ಗುರುವಾರ ರಾತ್ರಿ, ಗೋಚಾನ ಟಯರ್ ಅಂಗಡಿಯಲ್ಲಿ
ನಾವು ಮೂವರು ಹಾಡುತ್ತೇವೆ.
ಮೇಲಿನ ದನಿ ಗೋಚಾನದು, ನಡುವಿನದು ವಾಲಿಕೋನದು,
ಕೆಳದನಿ ನನ್ನದು. ನಮ್ಮಲ್ಲಿ ಅದಕ್ಕೆ ಬಾನಿ ಎನ್ನುತ್ತಾರೆ.
ಬಾನಿಯಂತೆಯೇ ಇರಬೇಕು ಅದು:
ಮೇಲಿನವರು ಸುರಿದದ್ದನ್ನೆಲ್ಲ
ತುಳುಕದೆ ಹಿಡಿದು ಕೂರಬೇಕು.
ಹನ್ನೊಂದು ವರ್ಷದಿಂದ ಕೂತಿದ್ದೇನೆ.
ಮದುವೆಯೊಂದರಲ್ಲಿ ಯಾರೋ ಫೋನಿನಲ್ಲಿ ಹಿಡಿದ ಹಾಡು
ಈ ಕಾರಿನಲ್ಲಿ ಹಾಕಿದರೆ ಗೋಚಾ ಇದ್ದ, ವಾಲಿಕೋ ಇದ್ದ,
ಪಕ್ಕದ ಮೇಜಿನ ಕೆಮ್ಮೂ ಇತ್ತು.
ನಾನಿರಲಿಲ್ಲ.

ಹೊಸ ಸ್ಪೀಕರ್ ಕೂರಿಸಿದೆ, ಹಾಡು ಹಾಕಿದೆ. ಆಗಲೂ ನಾನಿಲ್ಲ!
ತ್ಸಿಯಾಲಾಳ ಮೊಮ್ಮಗ ತಲೆ ತೂರಿಸಿ ನೋಡಿ ನಕ್ಕ:
"ಎಡಗಡೆ ತಂತಿ ತಿರುವುಮುರುವು, ಮಾವ.
ಒಂದು ತಳ್ಳುತ್ತಿದೆ, ಒಂದು ಎಳೆಯುತ್ತಿದೆ."
ಹೌದು, ಬಾಗಿಲಿನ ಎರಡು ಬದಿ ಇಬ್ಬರು ನಿಂತರೆ
ಬೆವರು ಇಬ್ಬರಿಗೂ, ಬಾಗಿಲು ಮಾತ್ರ ನಿಂತಲ್ಲೇ.

ಬದಲಿಸಿದೆ.
ಬಂದೆ. ಅಬ್ಬಾ, ಬಂದೆ ನಾನು,
ನನ್ನ ಬೆನ್ನ ಹಿಂದಿನಿಂದಲೇ, ನೆಲಮಾಳಿಗೆಯ ಮೆಟ್ಟಿಲೇರಿ ಬಂದಂತೆ.
ಎರಡನೇ ಸಾಲಿನ ಕೊನೆಗೆ, ಉಸಿರು ತೀರುವಲ್ಲಿ,
ಶ್ರುತಿಗಿಂತ ಒಂದು ಕೂದಲೆಳೆ ಕೆಳಗೆ.
ಮತ್ತೆ ಹಾಕಿದೆ.
ಕೂದಲೆಳೆಯಲ್ಲ, ಹಗ್ಗ.

ಮೂರನೇ ಸಲ ಅವರಿಬ್ಬರನ್ನು ಕೇಳಿದೆ.
ಅದೇ ಜಾಗದಲ್ಲಿ ಗೋಚಾ ಮೆಲ್ಲನೆ ಇಳಿಯುತ್ತಾನೆ,
ವಾಲಿಕೋ ಅವನ ಹಿಂದೆ.
ನನ್ನನ್ನು ಮೇಲೆಳೆದವರಲ್ಲ;
ಹನ್ನೊಂದು ವರ್ಷ, ಪ್ರತಿ ಗುರುವಾರ, ಒಂದು ಮಾತೂ ಆಡದೆ
ನಾನಿದ್ದಲ್ಲಿಗೇ ಇಳಿದು ಬಂದು ನಿಂತವರು.

ಕತ್ತಲಾಗುವ ಮುಂಚೆ ಎಲ್ಲ ವಾಪಸು ಜೋಡಿಸಿದೆ,
ಮುರಿದ ಕ್ಲಿಪ್ಪೊಂದನ್ನು ಬಿಟ್ಟು.
ಈಗ ಸರಿಯಾಗಿ ಆ ಸ್ವರಕ್ಕೇ ಕಂಬ ಜುಂಯ್ ಎನ್ನುತ್ತದೆ.
"ಏನದು?" ಎಂದಳು ಲಾಮಾರಾ, ಮುಂದಿನ ಸೀಟಿನಲ್ಲಿ ಕೂತು.
"ಕ್ಲಿಪ್ಪು," ಎಂದೆ. ಓಲೆ ಕೊಟ್ಟೆ. ಮಾತು ಬೇರೆ ಕಡೆ ಹೋಯಿತು.

ಪೇಟೆಯಲ್ಲಿ ಸಿಗುತ್ತದೆ ಅದು, ಒಂದು ಬ್ರೆಡ್ಡಿನ ಬೆಲೆಗೆ ಹತ್ತು.
ಇನ್ನೂ ತಂದಿಲ್ಲ.