ತಕ್ಕಡಿಯವಳು ಗುಮಾಸ್ತನಿಗೆ ಹೇಳಿದ್ದು
(ಲ್ಯಾಂಕಷೈರ್, ೧೮೮೩)

ಗೊಣಗಬೇಡ ಲೂಥರ್.
ವರ್ಷಕ್ಕೊಮ್ಮೆ ಲಂಡನ್ನಿಗೆ ಹೋಗುವ ಆ ಪಟ್ಟಿಯಲ್ಲಿ
ಸದಸ್ಯರೆಷ್ಟು, ಷೇರೆಷ್ಟು, ಸಾಲವೆಷ್ಟು ಎಂದು
ನೀನು ಆಕಳಿಸುತ್ತ ತುಂಬುವ ಮನೆಗಳು
ಒಂದು ಕಾಲಕ್ಕೆ ನಮಗೆ ಬಾಡಿಗೆಗೂ ಸಿಗದ ಮನೆಗಳು.

ಶಾಯಿ ಒಣಗಲಿ. ಕೂತುಕೋ.

ಸೀಮೆಸುಣ್ಣ ಬೆರೆತ ಹಿಟ್ಟು ತಿಂದು
ಮಗ್ಗದವರ ಮಕ್ಕಳ ಹೊಟ್ಟೆ ಕಲ್ಲಾದ ವರ್ಷ
ಕ್ಲೆಗ್‌ಡೆನ್ನಿನ ಮೂವತ್ತೊಂದು ಮನೆಯವರು
ವಾರಕ್ಕೆರಡು ಪೆನ್ನಿ ಕೂಡಿಟ್ಟೆವು.
ನಿಯಮಗಳನ್ನು ಬರೆದವನು ನನ್ನ ಏಬೆಲ್.
ಲಂಡನ್ನಿನ ವಕೀಲ ಕೆಂಪು ಗೀಟೆಳೆದು ಹಿಂದಕ್ಕೆ ಕಳಿಸಿದ.
ಕಾಯಿಲೆಗೆಂದು ಕೂಡಿಡುವವರಿಗೆ ಕಾಯಿದೆ ಇತ್ತು,
ಹೆಣ ಹೂಳಲು ಕೂಡಿಡುವವರಿಗೂ ಇತ್ತು.
ಬದುಕಿದ್ದವರು ಕೂಡಿ ಹಿಟ್ಟು ಮಾರಲು ಇರಲಿಲ್ಲ.
ಕೊಡೆ ಸಿಗಲಿಲ್ಲ; ನೆನೆಯುತ್ತಲೇ ಅಂಗಡಿ ತೆರೆದೆವು.

ಖಜಾಂಚಿ ಇನಕ್ ಸಟ್‌ಕ್ಲಿಫ್.
ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಗಟ್ಟಿ ದನಿ.
ಒಂದು ಸೋಮವಾರ, ಪೆಟ್ಟಿಗೆಯೂ ಇಲ್ಲ, ದನಿಯೂ ಇಲ್ಲ.
ಹದಿನೇಳು ಪೌಂಡು, ಮೇಲಿಷ್ಟು ಚಿಲ್ಲರೆ.
ಹಾಲಿಫ್ಯಾಕ್ಸಿನಲ್ಲಿ ಹಿಡಿದರು. ಹಿಡಿದೇನು?
ಮ್ಯಾಜಿಸ್ಟ್ರೇಟು ಕನ್ನಡಕ ಒರೆಸಿಕೊಂಡ.
ಪೆಟ್ಟಿಗೆ ಯಾರದು?
ನಮ್ಮೆಲ್ಲರದು.
ಹಾಗಾದರೆ ಇವನದೂ?
ಹೌದು ಸ್ವಾಮಿ, ಇವನದೂ.
ತನ್ನದನ್ನೇ ತಾನು ಒಯ್ದವನನ್ನು ಕಳ್ಳನೆನ್ನಲೇ?

ನೂರು ಬಾಯಿದ್ದೂ ಮೂಗರಾಗಿ ಬೆಟ್ಟ ಹತ್ತಿ ಬಂದೆವು.
ಕಾನೂನಿನ ಕಣ್ಣಿಗೆ ನಾವು ಕಾಣುತ್ತಲೇ ಇರಲಿಲ್ಲ.
ಸಾಲ ಕೊಟ್ಟ ಗೋಧಿ ವ್ಯಾಪಾರಿಗೆ ಮಾತ್ರ
ಚೆನ್ನಾಗಿ ಕಂಡೆವು, ಒಬ್ಬೊಬ್ಬರೂ,
ಹಾಸಿಗೆ ಕಂಬಳಿ ಸಮೇತ.

ಐವತ್ತೆರಡರಲ್ಲಿ ಕಾಯಿದೆ ಬಂತು.
ಕೂಡಿ ಮಾರಿ ಎಂದಿತು, ಕೋರ್ಟಿಗೂ ಹೋಗಿ ಎಂದಿತು.
ಕಂಬಳಿಯ ಮಾತೆತ್ತಲಿಲ್ಲ.
ಅದಕ್ಕೆ ಇನ್ನೂ ಹತ್ತು ವರ್ಷ:
ಅಮೆರಿಕದ ಹತ್ತಿ ಬಾರದೆ ಮಗ್ಗಗಳು ನಿಂತು
ಕಣಿವೆಯಲ್ಲಿ ನಮ್ಮ ಕೆಮ್ಮು ನಮಗೇ ಕೇಳಿಸುತ್ತಿದ್ದ ಕಾಲ.
ಏಬೆಲ್ ದೀಪದ ಹತ್ತಿರ ಕಾಗದ ಹಿಡಿದು ಓದಿದ:
ಷೇರಿನಷ್ಟೇ ಹೊಣೆ. ಕಂಬಳಿ ನಮ್ಮದೇ.
ಇನ್ನು ಮೇಲೆ ಸಂಘ ಒಬ್ಬ ವ್ಯಕ್ತಿ, ಟ್ಯಾಬಿತಾ,
ತನ್ನ ಹೆಸರಲ್ಲೇ ಕೊಳ್ಳಬಹುದು, ಮಾರಬಹುದು,
ದಾವೆ ಹೂಡಬಹುದು.

ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದೆ.
ನಾನು? ಎಂದೆ.
ಕಾಗದ ತಿರುಗಿಸಿ ನೋಡಿದ, ಪಾಪ,
ಬರಹವಿಲ್ಲದ ಬೆನ್ನನ್ನೂ.

ನಗು ಬಂದರೆ ನಗು. ಹಿಟ್ಟಿನಂಗಡಿ
ನನಗಿಂತ ಮೊದಲು ಮನುಷ್ಯಳಾಯಿತು.
ನನ್ನ ಲಾಭಾಂಶ ಕಾನೂನಿನ ಪ್ರಕಾರ ಗಂಡನದು;
ಈ ಕಟ್ಟೆಯ ಪ್ರಕಾರ, ಕೈ ಚಾಚಿದವಳದು.
ಸಂಘ ನನ್ನ ಅಂಗೈಗೇ ಎಣಿಸಿ ಕೊಟ್ಟಿತು, ಪ್ರತಿ ಸಲ.
ಹೆಂಡತಿಯ ದುಡ್ಡು ಹೆಂಡತಿಯದೇ ಎಂದು
ಪಾರ್ಲಿಮೆಂಟು ಪೂರ್ತಿಯಾಗಿ ಒಪ್ಪುವ ಹೊತ್ತಿಗೆ
ಏಬೆಲ್ ಮಣ್ಣಾಗಿ ಮೂರು ವರ್ಷ,
ನಾನು ಯಾರ ಹೆಂಡತಿಯೂ ಅಲ್ಲ.

ಇನಕನೇ? ಬಂದಿದ್ದ, ಅರವತ್ತೈದರಲ್ಲೋ ಆರರಲ್ಲೋ.
ಹೊಸ ಕಾಯಿದೆಯ ಕೈ ಹಿಂದಕ್ಕೆ ಚಾಚುವುದಿಲ್ಲ,
ಅದು ಅವನಿಗೂ ಗೊತ್ತಿತ್ತು.
ಹಲ್ಲಿಲ್ಲ, ದನಿಯಿಲ್ಲ. ಅರ್ಧ ಸ್ಟೋನ್ ಹಿಟ್ಟು ಕೇಳಿದ.
ಮುಷ್ಟಿ ಬಿಚ್ಚಿ ಕಾಸು ಮೊದಲೇ ಇಟ್ಟ.
ಸಾಲಿನಲ್ಲಿ ನಿಂತವರೆಲ್ಲ
ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದರು, ತಟ್ಟೆ ಒತ್ತೀತೇ ಎಂದು.

ಮುಳ್ಳು ಅಲ್ಲಾಡಿತು, ಅಲ್ಲಾಡಿತು.
ನಡುವೆ ಬಂದು ನಿಲ್ಲುವ ತನಕ ಕಾದೆ.
ಅವನೂ ಕಾದ.

ಬರಿ ಈಗ. ಸದಸ್ಯರು: ನಾನೂರ ಆರು.