ಟಿಕೆಟ್ಟಿನ ಹಿಂಬದಿ

ಬೂದಿ ಬುಧವಾರ. ಬೇಗೂರಿನಲ್ಲಿ ಬಲಿಪೂಜೆ ಆರಕ್ಕೆ.
ನನ್ನ ಗಾಡಿ ಡಿಪೋ ಬಿಡುವುದು ಐದೂ ಹತ್ತಕ್ಕೆ.
ಹೋದ ವರ್ಷದ ಒಣಗಿದ ಗರಿಯನ್ನು ಭಾನುವಾರವೇ
ಕೊಟ್ಟುಬಂದಿದ್ದೆ, ಸುಡುವುದಕ್ಕೆ.
ಗಂಟೆ ಹೊಡೆಯುವ ಹೊತ್ತಿಗೆ ನಾನು
ಡೈರಿ ಸರ್ಕಲ್ಲಿನಲ್ಲಿ ಸೀಟಿ ಊದುತ್ತಿದ್ದೆ.

ಕೊರಳಲ್ಲಿ ಎರಡು ದಾರ.
ಒಳಗಿನದು ಬೆವರಿಗೆ ಬಣ್ಣಗೆಟ್ಟ ಉತ್ತರಿಯ,
ಮೊದಲ ಪ್ರಸಾದದ ದಿನ ಅಜ್ಜಿ ಆರೋಗ್ಯಮ್ಮ ಹಾಕಿದ್ದು.
ಹೊರಗಿನದು ಲ್ಯಾಮಿನೇಟು ಮಾಡಿಸಿದ ಕ್ಯೂಆರ್ ಕೋಡು.
ಜನ ತಲೆಬಾಗುವುದು ಹೊರಗಿನದಕ್ಕೆ.

"ಒಳಗೆ ಹೋಗಿ, ಒಳಗೆ ಹೋಗಿ" ಎಂದು ಕೂಗುತ್ತೇನೆ.
ಧ್ಯಾನಕೂಟದಲ್ಲಿ ಸ್ವಾಮಿಗಳೂ ಇದನ್ನೇ ಹೇಳಿದ್ದರು,
ಇಷ್ಟು ಜೋರಾಗಿ ಅಲ್ಲ.

ಸಿಲ್ಕ್ ಬೋರ್ಡಿನ ಸಿಗ್ನಲ್ಲಿಗೆ ಹತ್ತು ನಮೋ ಮರಿಯ ಸಲೀಸು,
ಮಣಿಯ ಬದಲು ಬೆರಳ ಸಂದಿಯಲ್ಲಿ ಐದರ ನಾಣ್ಯ.
"ನಮ್ಮ ತಪ್ಪುಗಳನ್ನು ಕ್ಷಮಿಸು" ಎಂಬಲ್ಲಿ
ಅಜ್ಜಿ "ನಮ್ಮ ಸಾಲಗಳನ್ನು" ಎನ್ನುತ್ತಿದ್ದಳು.
ಬಡ್ಡಿ ಕಟ್ಟಿದವಳು, ಅವಳಿಗೆ ಗೊತ್ತು.

ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂಬದಿ ಗೀಚಿ ಕೊಡುತ್ತೇನೆ:
ಹದಿನಾಲ್ಕು. ಆರು. ಮೂವತ್ತೆರಡು.
ಇಳಿಯುವಾಗ ಕೇಳಿ.
ಕೆಲವರು ಕೇಳುತ್ತಾರೆ. ಕೆಲವರು ಫೋನಿನಲ್ಲೇ ಇಳಿದುಬಿಡುತ್ತಾರೆ,
ಅವರ ಬೆನ್ನು ನನಗೆ ಕಾಣುತ್ತದೆ, ಕೂಗಬಹುದು.
ಕೂಗುತ್ತೇನೆ ಕೂಡ:
"ರೈಟ್!"

ಹೋದ ವಾರ ಹೊಂಗಸಂದ್ರದಲ್ಲಿ ಒಬ್ಬಳು ಹತ್ತಿದಳು.
ಕೈಯಲ್ಲಿ ಡಬ್ಬಿ, ಸೆರಗಿಗಂಟಿದ ನೀಲಿ ನೂಲಿನ ಎಳೆ.
ಆಧಾರ್ ಮನೆಯಲ್ಲಿ ಉಳಿಯಿತು ಅಕ್ಕ, ಎಂದಳು.
ಹಾಗಾದರೆ ಕಾಸು ಕೊಡು, ಎಂದೆ.
ಕಾಸಿಲ್ಲ. ತಡವಾದರೆ ಗೇಟು ಹಾಕ್ತಾರೆ.
ರೂಲ್ಸು ಕಣಮ್ಮ, ಇಳಿ, ಎಂದೆ.
ಇಳಿದಳು. ಜಗಳವಾಡಲಿಲ್ಲ, ತಿರುಗಿ ನೋಡಲಿಲ್ಲ.
ಅದೇ ತೊಂದರೆ. ಬೈದಿದ್ದರೆ
ಮಡಿವಾಳ ಬರುವಷ್ಟರಲ್ಲಿ ಮರೆತಿರುತ್ತಿದ್ದೆ.
ಆ ರಾತ್ರಿ ಡಿಪೋದಲ್ಲಿ ಲೆಕ್ಕ ಕೊಟ್ಟ ಮೇಲೆ
ಚೀಲದ ತಳದಲ್ಲಿ ಉಳಿದದ್ದು,
ಮರೆತವರ ನಲವತ್ತೊಂದು ರೂಪಾಯಿ.

ಇವತ್ತು ಎರಡನೇ ಟ್ರಿಪ್ಪಿಗೆ ಚೌರಪ್ಪಜ್ಜ ಹತ್ತಿದ,
ಶವಪೆಟ್ಟಿಗೆ ಮಾಡುವ ಮುದುಕ,
ಹಣೆಯ ತುಂಬ ಬೂದಿ, ಕೈಯಲ್ಲಿ ಐವತ್ತರ ನೋಟು.
"ಬೊಮ್ಮನಹಳ್ಳಿ ಒಂದು. ಪೂಜೆಗೆ ಬರಲಿಲ್ವೇನವ್ವ?"
"ಡ್ಯೂಟಿ, ತಾತ."
ಅವನು ಹೆಬ್ಬೆರಳನ್ನು ತನ್ನ ಹಣೆಗೊತ್ತಿ
ನನ್ನ ಹಣೆಗೆ ತಂದ. ಅಷ್ಟರಲ್ಲಿ ಬ್ರೇಕು ಬಿತ್ತು,
ಶಿಲುಬೆಯ ಒಂದು ತೋಳು ಹುಬ್ಬಿನವರೆಗೆ ಜಾರಿತು.
"ಮಣ್ಣೇ ಕಣವ್ವ ನಾವು" ಎಂದ.
"ಚಿಲ್ಲರೆ ಮಾತ್ರ ಮರೀದೆ ಬರೆದುಕೊಡು."

ಹೀಗೆ ಹಚ್ಚಿದ್ದು ಸಲ್ಲುತ್ತದೋ ಇಲ್ಲವೋ,
ಸ್ವಾಮಿಗಳನ್ನು ಕೇಳಿಲ್ಲ. ಕೇಳುವುದೂ ಇಲ್ಲ.
ಆ ಬೂದಿಯಲ್ಲಿ ನನ್ನ ಗರಿಯೂ ಇದೆ.

"ಮೇಡಂ, ಹಣೆ ಮೇಲೆ ಮಸಿ" ಎಂದರು ಏಳು ಜನ.
ಒಬ್ಬ ಹುಡುಗಿ ಒದ್ದೆ ಟಿಶ್ಯೂ ಕೊಟ್ಟಳು.
ಇರಲಿ, ಎಂದೆ.
ವಿಲ್ಸನ್ ಗಾರ್ಡನ್ನಿನಲ್ಲಿ ಇಳಿದು ಹೋಗುತ್ತಿದ್ದವನನ್ನು
ಸೀಟಿ ಊದಿ ನಿಲ್ಲಿಸಿ ಆರು ರೂಪಾಯಿ ಕೊಟ್ಟೆ.
ಅವನು ನಗಲಿಲ್ಲ, ಥ್ಯಾಂಕ್ಸ್ ಅನ್ನಲಿಲ್ಲ,
ಎಣಿಸಿಕೊಂಡ.

ಅವಳಿಗೆ ಕೊಡಬೇಕಾದದ್ದನ್ನು ಯಾವುದರ ಹಿಂಬದಿ ಬರೆಯಲಿ?
ಮಿಷನ್ನು ಹೆಂಗಸರಿಗೆ ಕೊಡುವುದು ಸೊನ್ನೆಯ ಚೀಟಿ.
ಒತ್ತಿದರೆ ಸಾಕು, ಬರುತ್ತದೆ.
ಅಷ್ಟೂ ಆಗಲಿಲ್ಲ ನನ್ನ ಬೆರಳಿಗೆ.

ಈಗೀಗ ಹೊಂಗಸಂದ್ರದಲ್ಲಿ
ಬಾಗಿಲು ಒಂದು ಉಸಿರು ಹೆಚ್ಚೇ ತೆರೆದಿರುತ್ತದೆ.
ಹಿಂದಿನ ಗಾಡಿ ಹಾರನ್ ಬಾರಿಸುತ್ತದೆ.
ಡ್ರೈವರ್ ಮುಬಾರಕ್ ಕನ್ನಡಿಯಲ್ಲಿ ಹುಬ್ಬೇರಿಸುತ್ತಾನೆ,
ಏನಕ್ಕ?
ಡಬ್ಬಿ ಹಿಡಿದವರು ಬರುತ್ತಿದ್ದಾರೆ, ಇಬ್ಬರು, ಐವರು,
ಒಬ್ಬೊಬ್ಬರ ಮುಖ ನೋಡುತ್ತೇನೆ.
ರೈಟ್ ಎಂದಿಲ್ಲ ನಾನು,
ಇನ್ನೂ.